ನಿಮ್ಮ ಕಾಲಿನ ಬಗ್ಗೆ ನಾವು ನಗಬಹುದಾ?

ಅಂಗವೈಕಲ್ಯದ ಬಗ್ಗೆ ತರಬೇತಿ ಕೊಡಲು ಹೋದಲ್ಲೆಲ್ಲ, ಚಹಾದ ಹೊತ್ತಿಗೆ ಯಾರಾದರೂ ಬಂದು ಮೆಲ್ಲಗೆ ಕೇಳುತ್ತಾರೆ: "ಸರ್, ನಿಮ್ಮ ಕಾಲಿನ ಬಗ್ಗೆ ನೀವೇ ತಮಾಷೆ ಮಾಡ್ತೀರಲ್ಲ, ನಾವು ನಗಬಹುದಾ?" (ಪೋಲಿಯೊ, ಎಡಗಾಲು. ಕೇಳಲು ಸಂಕೋಚಪಡುವವರಿಗೆ ಮೊದಲೇ ಹೇಳಿಬಿಟ್ಟೆ.)

ನಗಬಹುದು. ಯಾವುದಕ್ಕೆ ಅಂತ ಸ್ವಲ್ಪ ನೋಡಿಕೊಂಡು.

ಕಾಸರಗೋಡಿನ ಹತ್ತಿರ ಒಂದು ಶಾಲೆಯಲ್ಲಿ ಶಿಕ್ಷಕರಿಗೆ ತರಬೇತಿ ಇತ್ತು. ವೇದಿಕೆಗೆ ನಾಲ್ಕು ಮೆಟ್ಟಿಲು, ಹಿಡಿಯಲು ಕಂಬಿ ಇಲ್ಲ. ಇಬ್ಬರು ಓಡಿ ಬಂದು ನನ್ನ ಕಂಕುಳಿಗೆ ಕೈ ಹಾಕಿದರು. "ಬಿಡಿ ಮಾರಾಯ್ರೆ, ನಾನು ಅಡಿಕೆ ಮೂಟೆ ಅಲ್ಲ" ಎಂದೆ. ಕೆಳಗೇ ನಿಂತು ಶುರು ಮಾಡಿದೆ. ಒಬ್ಬರು ಟೀಚರ್ ಕೈಗೆ ಟೇಪು ಕೊಟ್ಟು ಮೆಟ್ಟಿಲು ಅಳೆಸಿದೆ. ಒಟ್ಟು ಎರಡು ಅಡಿ ಎತ್ತರ. ಒಂದು ಅಡಿಗೆ 12 ಅಡಿಯ ಲೆಕ್ಕದಲ್ಲಿ 24 ಅಡಿ ಉದ್ದದ ರ‍್ಯಾಂಪ್ ಬೇಕು. "ಸ್ವಾಗತ ಭಾಷಣ ಅದಕ್ಕಿಂತ ಉದ್ದ ಇತ್ತು" ಎಂದೆ. ಸಭೆ ಗೊಳ್ಳೆಂದಿತು. ಹೆಡ್ಮಾಸ್ಟರೂ ನಕ್ಕರು, ಸ್ವಲ್ಪ ತಡವಾಗಿ. ಆಗ ಯಾರೂ ನನ್ನ ಕಾಲು ನೋಡುತ್ತಿರಲಿಲ್ಲ. ಎಲ್ಲರ ಕಣ್ಣು ಮೆಟ್ಟಿಲ ಮೇಲಿತ್ತು.

ಜನಕ್ಕೆ ನಮ್ಮ ಹತ್ತಿರ ಮಾತಾಡಲು ಹೆದರಿಕೆ. ಯಾವ ಪದ ತಪ್ಪಾಗುತ್ತದೋ ಅಂತ ಬಾಯಿ ಕಟ್ಟಿ ಕೂರುತ್ತಾರೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಇದೆ ಅಂದರೆ ಬರೆದುಕೊಳ್ಳುತ್ತಾರೆ, ಅಷ್ಟೆ. ಹಾಗಾಗಿ ನನ್ನ ಹೆಸರುಗಳಿಂದಲೇ ಶುರು ಮಾಡುತ್ತೇನೆ. ತಲಪಾಡಿ ಗಡಿಯ ಆ ಕಡೆ, ಕರ್ನಾಟಕದಲ್ಲಿ, ನಾನು ವಿಕಲಚೇತನ. ಈ ಕಡೆ, ಕೇರಳದ ಮಲಯಾಳದಲ್ಲಿ, ಭಿನ್ನಶೇಷಿ. ಅವರಿಗೆ ಶೇಷಿ ಅಂದರೆ ಸಾಮರ್ಥ್ಯ. ಕನ್ನಡ ಮೀಡಿಯಂನಲ್ಲಿ ಕಲಿತ ನನಗೆ ಭಿನ್ನವೂ ಶೇಷವೂ ಲೆಕ್ಕದ ಪಾಠ, ಭಾಗಿಸಿ ಉಳಿದವ ನಾನು! ಹೆಸರು ಏನೇ ಆಗಲಿ, ಬಸ್ಸಿನ ಮೆಟ್ಟಿಲು ಎರಡೂ ಕಡೆ ಅಷ್ಟೇ ಎತ್ತರ.

ಕಣ್ಣು ಕಾಣದವರ ಕಷ್ಟ ತಿಳಿಯಲಿ ಅಂತ ಕಣ್ಣಿಗೆ ಬಟ್ಟೆ ಕಟ್ಟಿ ನಡೆಸುವ ಆಟ ಮಾತ್ರ ನಾನು ಮಾಡಿಸುವುದಿಲ್ಲ. ಅಲ್ಲಿಯೂ ನಗು ಬರುತ್ತದೆ, ಎಡವುವವರನ್ನು ನೋಡಿ. ಆಮೇಲೆ ಉಳಿಯುವುದು ಬರೀ ಅಯ್ಯೋ ಪಾಪ. ಬಿಳಿ ಕೋಲು ಹಿಡಿದು ಮೂವತ್ತು ವರ್ಷ ಪೇಟೆ ಸುತ್ತಿದವರ ಜಾಣ್ಮೆ ಹತ್ತು ನಿಮಿಷದಲ್ಲಿ ಎಲ್ಲಿ ಗೊತ್ತಾಗಬೇಕು?

ಚಿಕ್ಕಂದಿನಲ್ಲಿ ಯಕ್ಷಗಾನಕ್ಕೆ ಹೋದರೆ, ಹಾಸ್ಯಗಾರ ಕುಂಟುವಾಗ ಎಲ್ಲರೂ ನಗುತ್ತಿದ್ದರು. ಪಕ್ಕದವರು ನನ್ನ ಕಡೆ ತಿರುಗಿ ಅರ್ಧ ನಗು ನುಂಗುತ್ತಿದ್ದರು. ಅದೇ ಹಾಸ್ಯಗಾರ ರಾಜನನ್ನು ಗೇಲಿ ಮಾಡುವಾಗ ನಾನೇ ಎಲ್ಲರಿಗಿಂತ ಜೋರಾಗಿ ನಕ್ಕಿದ್ದೇನೆ. 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಒಂದು ಸಿನಿಮಾದ ಪ್ರಕರಣದಲ್ಲಿ ಈ ವ್ಯತ್ಯಾಸವನ್ನು ಬಿಡಿಸಿ ಹೇಳಿತು. ಅಂಗವಿಕಲರನ್ನು ಕೀಳು ಮಾಡುವ ಹಾಸ್ಯ ಬೇರೆ, ಅವರ ಬದುಕನ್ನು ಅರ್ಥ ಮಾಡಿಸುವ ಹಾಸ್ಯ ಬೇರೆ ಅಂತ. ನನಗೆ ಅದು ಯಕ್ಷಗಾನದ ಬಯಲಲ್ಲೇ ಗೊತ್ತಾಗಿತ್ತು.

ಹಾಗಂತ ಎಲ್ಲ ಕಡೆ ಜೋಕು ನಡೆಯುವುದಿಲ್ಲ. ಕಾಸರಗೋಡಿನ ಎಣ್ಮಕಜೆ ಕಡೆ ಒಮ್ಮೆ ಅಂಗವಿಕಲ ಮಕ್ಕಳ ತಾಯಂದಿರ ಸಭೆಗೆ ಹೋಗಿದ್ದೆ. 2000ದವರೆಗೆ 20 ವರ್ಷಕ್ಕೂ ಜಾಸ್ತಿ ಕಾಲ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಸೀಮೆ ಅದು. ನನ್ನ ಜೋಕುಗಳನ್ನೆಲ್ಲ ಜೇಬಲ್ಲೇ ಇಟ್ಟುಕೊಂಡು, ಸುಮ್ನೆ ಪಿಂಚಣಿ, ಸರ್ಟಿಫಿಕೇಟು ಅಂತ ಮಾತಾಡುತ್ತಿದ್ದೆ. ಮಗನನ್ನು ಮಡಿಲಲ್ಲಿ ಮಲಗಿಸಿಕೊಂಡಿದ್ದ ಒಬ್ಬರು ತಾಯಿ ಮಧ್ಯೆ ಬಾಯಿ ಹಾಕಿದರು:

"ಫೋಟೋದವರು ಬಂದರೆ ಇವನಿಗೆ ಭಾರೀ ಖುಷಿ ಸರ್, ನಗ್ತಾನೆ. ಅವರಿಗೆ ಅದು ಆಗುವುದಿಲ್ಲ. ಇವನು ನಗು ನಿಲ್ಲಿಸುವವರೆಗೆ ಕ್ಯಾಮೆರಾ ಹಿಡಿದು ಕಾಯ್ತಾರೆ. ಇವನು ನಿಲ್ಲಿಸಬೇಕಲ್ಲ!"

ಮೊದಲು ನಕ್ಕದ್ದು ಅವರೇ. ಆಮೇಲೆ ಉಳಿದ ತಾಯಂದಿರು. ಕೊನೆಗೆ ನಾನು.