ಅರಾದ್ ಕೋಟೆಯ ಗುಡಿ

ನಾನು ನೋಡಿಕೊಳ್ಳುತ್ತಿರುವ ಆಯಿ ಬೆನೆ ಇಸ್ರಾಯೇಲ್, ಅಂದರೆ ಕೊಂಕಣದ ಯೆಹೂದಿ ಸಮುದಾಯದವರು. ಹುಟ್ಟಿದ್ದು ಅಲಿಬಾಗ್ ಹತ್ತಿರದ ಹಳ್ಳಿಯಲ್ಲಿ, ಈಗ ಇರುವುದು ದಕ್ಷಿಣ ಇಸ್ರೇಲಿನ ಬೇರ್‌ಶೆಬಾದಲ್ಲಿ. ಅವರದು ಮರಾಠಿ, ನನ್ನದು ಶಿರ್ವ ಕಡೆಯ ಕೊಂಕಣಿ. ಎರಡೂ ಸೇರಿ ನಮ್ಮ ಮನೆಮಾತಾಗಿದೆ. ಕರಾವಳಿಯಿಂದ ಕೇರ್‌ಗಿವರ್ ಕೆಲಸಕ್ಕೆ ಇಲ್ಲಿಗೆ ಬಂದ ನಮ್ಮಂಥವರಿಗೆ ಇಂಥ ಮನೆ ಸಿಗುವುದು ಪುಣ್ಯ.

ಅವರ ಸಿನಗಾಗ್‌ನ (ಯೆಹೂದ್ಯರ ಪ್ರಾರ್ಥನಾ ಮಂದಿರದ) ಹಿರಿಯರು ತು ಬಿಶ್ವಾತ್ ಹಬ್ಬದ ವಾರ ತೆಲ್ ಅರಾದ್ ಎಂಬ ಪುರಾತನ ದಿಬ್ಬಕ್ಕೆ ಹೊರಟಾಗ ಆಯಿಯ ಜೊತೆ ನಾನೂ ಬಸ್ಸು ಹತ್ತಿದೆ. ತು ಬಿಶ್ವಾತ್ ಎಂದರೆ ಮರಗಳ ಹೊಸ ವರ್ಷ. ಬೆನೆ ಇಸ್ರಾಯೇಲರಿಗೆ ಅದು ಪ್ರವಾದಿ ಎಲೀಯನ ದಿನವೂ ಹೌದು. ಅಲಿಬಾಗ್ ಸಮೀಪದ ಖಂಡಾಲೆ ಎಂಬ ಊರಿನಲ್ಲಿ ಒಂದು ಬಂಡೆಯಿದೆ. ಎಲೀಯನ ರಥ ಅಲ್ಲಿಂದಲೇ ಆಕಾಶಕ್ಕೇರಿತು, ಅದರ ಗುರುತು ಕಲ್ಲಿನಲ್ಲಿ ಉಳಿಯಿತು ಎಂಬುದು ಅವರ ನಂಬಿಕೆ. ಚಿಕ್ಕಂದಿನಲ್ಲಿ ಅಪ್ಪನ ಹೆಗಲೇರಿ ಅಲ್ಲಿಗೆ ಹೋಗುತ್ತಿದ್ದುದನ್ನು ಆಯಿ ದಾರಿಯುದ್ದಕ್ಕೂ ಹೇಳುತ್ತಿದ್ದರು.

ತೆಲ್ ಅರಾದ್ ಇರುವುದು ಅರಾದ್ ಪಟ್ಟಣಕ್ಕೆ ಸುಮಾರು 10 ಕಿಲೋಮೀಟರ್ ಪಶ್ಚಿಮಕ್ಕೆ. ವರ್ಷಕ್ಕೆ 200 ಮಿಲಿಮೀಟರ್ ಮಳೆಯೂ ಬೀಳದ ನೆಲ. ಉಡುಪಿಯ ಮಳೆಯಲ್ಲಿ ಬೆಳೆದ ನನಗೆ ಇಲ್ಲಿ ಊರು ಕಟ್ಟಿದವರ ಧೈರ್ಯ ಇಂದಿಗೂ ಆಶ್ಚರ್ಯ. ಕೆಳಗಡೆ ಸುಮಾರು 5000 ವರ್ಷ ಹಿಂದಿನ ಕಾನಾನ್ಯರ ಊರು: ಕೋಟೆಗೋಡೆ, ಬೀದಿ, ಮನೆಗಳ ತಳಪಾಯ, ಮಳೆನೀರು ಹರಿದು ಸೇರುತ್ತಿದ್ದ ತಗ್ಗು. ಅದನ್ನು ವರ್ಷಾನುಗಟ್ಟಲೆ ಅಗೆದು ಹೊರತೆಗೆದವರು ರೂತ್ ಅಮಿರಾನ್. ಮೇಲುಗಡೆ, ದಿಬ್ಬದ ನೆತ್ತಿಯಲ್ಲಿ, ಯೆಹೂದ ರಾಜ್ಯದ ಗಡಿಕೋಟೆ. ವಾಕರ್ ಹಿಡಿದ ಆಯಿಯನ್ನು ನಡೆಸಿಕೊಂಡು ಅಲ್ಲಿಗೇರುವಷ್ಟರಲ್ಲಿ ಉಳಿದವರು ಗೈಡ್ ಸುತ್ತ ಕೂತಾಗಿತ್ತು.

ಗೈಡ್ ಮೊದಲು ಹೇಳಿದ್ದು ಮಡಕೆ ಚೂರುಗಳ ಕಥೆ. 1962ರಿಂದ 1967ರವರೆಗೆ ಪುರಾತತ್ವಜ್ಞ ಯೋಹಾನಾನ್ ಅಹರೋನಿ ಈ ಕೋಟೆಯನ್ನು ಅಗೆದಾಗ ಮಸಿಯಲ್ಲಿ ಹೀಬ್ರೂ ಬರೆದ ಚೂರುಗಳು ರಾಶಿರಾಶಿಯಾಗಿ ಸಿಕ್ಕವು. ಹಲವು ಕ್ರಿ.ಪೂ. 600ರ ಆಸುಪಾಸಿನವು, ಉಗ್ರಾಣದ ಹೊಣೆ ಹೊತ್ತ ಎಲ್ಯಾಶೀಬ್ ಎಂಬವನಿಗೆ ಬಂದ ಆದೇಶಗಳು. ಇಷ್ಟು ದ್ರಾಕ್ಷಾರಸ ಕೊಡು, ಇಷ್ಟು ಹಿಟ್ಟು ಕೊಡು, ಎಣ್ಣೆಯ ಜಾಡಿಗೆ ಮುದ್ರೆ ಒತ್ತಿ ಕಳಿಸು. ಗೈಡ್ ಒಂದೆರಡನ್ನು ಓದಿದಾಗ ಎಲ್ಲರಿಗೂ ಬಹುಪಾಲು ನೇರವಾಗಿ ಅರ್ಥವಾಯಿತು. 2600 ವರ್ಷ ಹಿಂದಿನ ಉಗ್ರಾಣದ ಚೀಟಿ! ಒಂದು ಚೂರಿನಲ್ಲಿ ದೇವರ ಆಲಯದ ಉಲ್ಲೇಖವಿದೆ. ಮೂಲದಲ್ಲಿ ದೇವರ ಹೆಸರಿನ ನಾಲ್ಕು ಅಕ್ಷರಗಳೂ ಇವೆ. ಗೈಡ್ ಅದನ್ನು ಉಚ್ಚರಿಸದೆ ‘ಹಶೇಮ್’ (ಆ ಹೆಸರು) ಎಂದೇ ಓದಿದರು.

ಎಣ್ಣೆಯ ಮಾತು ಬಂದದ್ದೇ ತಡ, ಆಯಿ ನನ್ನ ಕೈ ಅದುಮಿ, “ನಾವೂ ಗಾಣದವರೇ ಕಣೇ” ಎಂದರು. ಕೊಂಕಣದ ಹಳ್ಳಿಗಳಲ್ಲಿ ಬೆನೆ ಇಸ್ರಾಯೇಲರು ಎಣ್ಣೆ ತೆಗೆಯುವವರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಊರವರು ಅವರನ್ನು ‘ಶನಿವಾರ ತೇಲಿ’ ಎಂದು ಕರೆಯುತ್ತಿದ್ದರು. ಹಡಗು ಒಡೆದು ನವ್‌ಗಾಂವ್ ದಡ ಸೇರಿದ ಏಳು ಜೋಡಿಗಳಿಂದ ತಮ್ಮ ಕುಲ ಬೆಳೆಯಿತು ಎನ್ನುತ್ತಾರೆ ಅವರು. ಧರ್ಮಗ್ರಂಥಗಳು ಕೈತಪ್ಪಿದರೂ ಸಬ್ಬತ್, ಅಂದರೆ ಶನಿವಾರದ ವಿಶ್ರಾಂತಿ, ಬಿಡಲಿಲ್ಲ.

ಆಮೇಲೆ ಗುಡಿ. ಕೋಟೆಯ ಒಂದು ಮೂಲೆಯಲ್ಲಿ, ನಮ್ಮೂರ ದೇವಸ್ಥಾನದ ಹಾಗೆಯೇ, ಅಂಗಳ, ಒಳಕೋಣೆ, ಕೊನೆಗೆ ಪುಟ್ಟ ಗರ್ಭಗುಡಿ. ಅಂಗಳದಲ್ಲಿ ಉಳಿ ಮುಟ್ಟಿಸದ ಕಾಡುಗಲ್ಲಿನ ಯಜ್ಞವೇದಿ, ಸುಮಾರು ಎರಡೂವರೆ ಮೀಟರಿನ ಚೌಕ. ಬೈಬಲಿನ ವಿಮೋಚನಕಾಂಡ ಹೇಳುವ ಐದು ಮೊಳದ ಅಳತೆಗೆ ತೀರಾ ಹತ್ತಿರ. ಗರ್ಭಗುಡಿಯ ಮುಂದೆ ಎರಡು ಧೂಪವೇದಿಗಳು. ಅವುಗಳ ಮೇಲೆ ಅಂಟಿದ್ದ ಕರಿಯನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ದೊಡ್ಡದರ ಮೇಲೆ ಉರಿದದ್ದು, ಯೇಸು ಹುಟ್ಟಿದಾಗ ಜ್ಞಾನಿಗಳು ಬೇತ್ಲೆಹೇಮಿಗೆ ತಂದರೆಂದು ನಾವು ಚರ್ಚಿನಲ್ಲಿ ಕೇಳುವ ಅದೇ ಧೂಪ. ಚಿಕ್ಕದರ ಮೇಲೆ ಗಾಂಜಾ. ಇದನ್ನು ಕೇಳಿ ಹಿರಿಯರೊಬ್ಬರು ಸಿಟ್ಟಾಗಿ ಎದ್ದೇ ನಿಂತರು.

ನಿಜವಾದ ವಾದ ಶುರುವಾದದ್ದು ಬೇರೆ ವಿಷಯಕ್ಕೆ. ದೇವರು ಆರಿಸಿದ ಒಂದೇ ಸ್ಥಳದಲ್ಲಿ ಬಲಿ ಅರ್ಪಿಸಬೇಕು ಎನ್ನುತ್ತದೆ ಧರ್ಮೋಪದೇಶಕಾಂಡ. ಹಾಗಾದರೆ ಯೆರೂಸಲೇಮ್ ಬಿಟ್ಟು ಇಲ್ಲಿ, ರಾಜನದೇ ಕೋಟೆಯೊಳಗೆ, ಗುಡಿ ಹೇಗೆ ಬಂತು? ಈ ಗುಡಿಯನ್ನು ಯಾರೂ ಒಡೆದಿರಲಿಲ್ಲ. ಧೂಪವೇದಿಗಳನ್ನು ಮಲಗಿಸಿ, ಮೇಲೆ ಮಣ್ಣು ತುಂಬಿ ಮುಚ್ಚಿದ್ದರು. ಅಹರೋನಿಯವರ ಲೆಕ್ಕದಲ್ಲಿ ಹಿಜ್ಕೀಯ ಅರಸ ಯಜ್ಞವೇದಿಯ ಬಳಕೆಯನ್ನು ನಿಲ್ಲಿಸಿದ, ಗುಡಿಯನ್ನು ನಂತರದ ಅರಸ ಯೋಷೀಯ ಮುಚ್ಚಿಸಿದ. ಬಳಿಕ ಪುರಾತತ್ವಜ್ಞ ಜೆಎವ್ ಹೆರ್ಜೋಗ್ ಎರಡೂ ಹಿಜ್ಕೀಯನ ಕಾಲಕ್ಕೇ, ಅಂದರೆ ಕ್ರಿ.ಪೂ. 8ನೇ ಶತಮಾನಕ್ಕೇ ಸೇರಿದವು ಎಂದರು. ಒಬ್ಬರು ಇದು ಪಾಪದ ಗುಡಿ ಎಂದರೆ ಇನ್ನೊಬ್ಬರು ದೂರದ ಸೈನಿಕರು ಮತ್ತೆಲ್ಲಿ ಪ್ರಾರ್ಥಿಸಬೇಕಿತ್ತು ಎಂದು ಕೇಳಿದರು. ಪುಣ್ಯಸ್ಥಳದಲ್ಲಿ ಕೈಮುಗಿದು ಮೌನವಾಗಿರುವ ರೂಢಿ ನಮ್ಮದು. ಇಲ್ಲಿ ಕಲ್ಲಿನೆದುರು ಗ್ರಂಥ ತೆರೆದು ಗಟ್ಟಿ ದನಿಯಲ್ಲಿ ಜಗಳವಾಡುತ್ತಿದ್ದರು. ಆ ಜಗಳದಲ್ಲಿ ನಾನು ಕಂಡದ್ದು ಭಕ್ತಿಯನ್ನೇ. ತಮ್ಮದಲ್ಲದ್ದಕ್ಕೆ ಯಾರೂ ಅಷ್ಟು ನೊಂದುಕೊಳ್ಳುವುದಿಲ್ಲ.

ಅಷ್ಟು ಹೊತ್ತು ಸುಮ್ಮನಿದ್ದ ಆಯಿ ಕೇಳಿದರು: “ಮುಚ್ಚುವ ಮೊದಲು ಇಲ್ಲಿಯವರನ್ನು ಯಾರಾದರೂ ಕೇಳಿದರೇ?”

ಯಾರೂ ಉತ್ತರಿಸಲಿಲ್ಲ. ಅಲ್ಲಿದ್ದ ವಯಸ್ಸಾದವರಿಗೆಲ್ಲ ಆ ಪ್ರಶ್ನೆ ಎಲ್ಲಿಂದ ಬಂತೆಂದು ಗೊತ್ತಿತ್ತು. ಈ ಕೋಟೆಯನ್ನು ಅಗೆಯಲು ಶುರುಮಾಡಿದ ಕಾಲಕ್ಕೇ ಬೆನೆ ಇಸ್ರಾಯೇಲರ ಯೆಹೂದಿತನವನ್ನೂ ಅಗೆಯಲಾಗುತ್ತಿತ್ತು. ಬೇರೆ ಯೆಹೂದ್ಯರನ್ನು ಮದುವೆಯಾಗಬೇಕಾದರೆ ತಾಯಿ, ಅಜ್ಜಿ, ಅವರಾಚೆಯ ವಂಶವನ್ನೂ ವಿಚಾರಿಸಬೇಕು ಎಂಬ ನಿಯಮ ಬಂದಿತ್ತು. ಅವರು ಬೀದಿಗಿಳಿದು ಪ್ರತಿಭಟಿಸಿದ ಮೇಲೆ, 1964ರಲ್ಲಿ, ಅವರು ಎಲ್ಲ ವಿಧದಲ್ಲೂ ಯೆಹೂದ್ಯರೇ ಎಂದು ಸರಕಾರ ಒಪ್ಪಿತು. ಆಯಿಗೆ ಆಗ ಮದುವೆ ವಯಸ್ಸು. ಕಚೇರಿಯೊಂದರಲ್ಲಿ ಅಜ್ಜಿಯ ಅಜ್ಜಿಯ ಹೆಸರು ಕೇಳಿದ್ದರಂತೆ. “ನಮ್ಮ ಪೂಜೆ ಸರಿಯಲ್ಲ ಎಂದಾಗ ಹೇಗಿರುತ್ತದೆಂದು ನನಗೆ ಗೊತ್ತು,” ಎಂದರು.

ಊಟಕ್ಕೆ ಕೋಟೆಯ ನೆರಳಿನಲ್ಲಿ ಮಲೀದಾ ತೆರೆದರು: ಅವಲಕ್ಕಿ, ತೆಂಗಿನತುರಿ, ಸಕ್ಕರೆ, ಮೇಲೆ ಹಣ್ಣುಗಳು. ಎಲೀಯನನ್ನು ನೆನೆದು, ಒಂದೊಂದು ಹಣ್ಣಿಗೂ ಆಶೀರ್ವಾದ ಹೇಳಿ ಹಂಚಿದರು. ಗಾಂಜಾ ಮಾತಿಗೆ ಸಿಟ್ಟಾಗಿದ್ದ ಹಿರಿಯರು ಮೊದಲ ತಟ್ಟೆಯನ್ನು ಆಯಿಗೇ ತಂದುಕೊಟ್ಟರು. ನನ್ನ ಪಾಲಿಗೆ ಎರಡು ಖರ್ಜೂರ ಹೆಚ್ಚಾಗಿಯೇ ಬಂತು.

ಗರ್ಭಗುಡಿಯಲ್ಲಿ ಈಗಿರುವುದು ಪ್ರತಿಕೃತಿ. ಮೂಲ ಧೂಪವೇದಿಗಳು ಯೆರೂಸಲೇಮಿನ ಇಸ್ರೇಲ್ ಮ್ಯೂಸಿಯಂನಲ್ಲಿವೆ ಎಂದು ಗೈಡ್ ಹೇಳಿದಾಗಿನಿಂದ ಆಯಿಯದು ಒಂದೇ ಹಠ, ಅವನ್ನು ನೋಡಲೇಬೇಕು. ಪೆಸಾಹ್ ಹಬ್ಬ ಮುಗಿದ ಮೇಲೆ, ಬಿಸಿಲು ಏರುವ ಮೊದಲು, ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿದ್ದೇನೆ. ಅಲ್ಲಿ ಗಾಲಿಕುರ್ಚಿ ಸಿಗುತ್ತದೆಯೇ ಎಂದು ಫೋನ್ ಮಾಡಿ ಕೇಳಬೇಕು.