ಕಾಫಿ ಪಾತ್ರೆ ಸಮೇತ ಹಾರುವ ಅಜ್ಜಿ

ಸ್ವೀಡನ್ನಿನಲ್ಲಿ ಮಾಟಗಾತಿಯರ ಹಬ್ಬ ಅಂದ್ರೆ ಈಸ್ಟರ್. ಅಮೆರಿಕದ ಹ್ಯಾಲೋವೀನ್ ಕಾರ್ಡುಗಳ ಚೂಪು ಟೋಪಿಯವಳಲ್ಲ ಇವಳು. ತಲೆಗೆ ವಸ್ತ್ರ ಕಟ್ಟಿ, ಏಪ್ರನ್ ತೊಟ್ಟ ಕೆಂಪು ಕೆನ್ನೆಯ ಅಜ್ಜಿ. ಪೊರಕೆಯ ಮೇಲೆ ಅವಳ ಜೊತೆ ಕರಿಬೆಕ್ಕು, ತುದಿಯಲ್ಲಿ ತಾಮ್ರದ ಕಾಫಿ ಪಾತ್ರೆ. ಕಾಫಿ ಬಿಟ್ಟು ಎಲ್ಲಿಗೂ ಹೊರಡದವಳು ಮೈಸೂರಿನವಳಾದ ನನಗೆ ಹಿಡಿಸದೇ ಇರ್ತಾಳಾ?

ಅವಳು ಸಿಕ್ಕಿದ್ದು ಸ್ಟಾಕ್‌ಹೋಮಿನ ಹೋಟೋರ್ಯೆಟ್ ಚೌಕದಲ್ಲಿ. ಭಾನುವಾರ ಅಲ್ಲಿ ಹಳೇ ಸಾಮಾನಿನ ಸಂತೆ. ಒಂದು ಶೂ ಡಬ್ಬಿಯ ತುಂಬ ನೂರು ವರ್ಷ ಹಿಂದಿನ ಈಸ್ಟರ್ ಕಾರ್ಡುಗಳು. ಹಿಂದೆ ಮಾಸಿದ ಶಾಯಿಯಲ್ಲಿ ವಿಳಾಸ, ಮುಂದೆ ಈ ಅಜ್ಜಿಯ ಚಿತ್ರ, ಜೊತೆಗೆ 'ಗ್ಲಾಡ್ ಪೋಸ್ಕ್', ಅಂದರೆ ಹಬ್ಬದ ಶುಭಾಶಯ. ಅಷ್ಟೇ.

ಜೊತೆಗಿದ್ದ ಸಹೋದ್ಯೋಗಿ ಇಲ್ಲಿಯವಳೇ. ಈಸ್ಟರ್‌ಗೆ ಮುಂಚಿನ ಗುರುವಾರ ಮಾಟಗಾತಿಯರು ಬ್ಲೋಕುಲ್ಲಾ ಅನ್ನೋ ಕಟ್ಟುಕಥೆಯ ಜಾಗಕ್ಕೆ ಹಾರಿ, ಸೈತಾನನ ಔತಣ ಉಂಡು ಬರುತ್ತಾರೆ ಅನ್ನೋ ಹಳೇ ನಂಬಿಕೆಯನ್ನು ಹೇಳಿದಳು. ಆಮೇಲೆ ಸುಮ್ನೆ ಅನ್ನುವಂತೆ, "ಇದೇ ಚೌಕದಲ್ಲಿ ಒಬ್ಬಳನ್ನು ಸುಟ್ಟರು, ಗೊತ್ತಾ?" ಅಂದಳು.

1676ರ ಆಗಸ್ಟ್. ಹೆಸರು ಮಾಲಿನ್ ಮಾಟ್ಸ್‌ಡೋಟರ್. ಮಕ್ಕಳನ್ನು ಬ್ಲೋಕುಲ್ಲಾಕ್ಕೆ ಹೊತ್ತೊಯ್ದಳು ಅಂತ ಆರೋಪ. ಅವಳ ವಿರುದ್ಧ ಸಾಕ್ಷಿ ಹೇಳಿದವರಲ್ಲಿ ಹೆತ್ತ ಹೆಣ್ಣುಮಕ್ಕಳೂ ಇದ್ದರು. ಬೇರೆಯವರ ತಲೆ ಕಡಿದು ಆಮೇಲೆ ಸುಡುವುದು ವಾಡಿಕೆ. ಇವಳು ತಪ್ಪೊಪ್ಪಿಕೊಳ್ಳಲಿಲ್ಲ, ಹಾಗಾಗಿ ಜೀವಂತ ಸುಟ್ಟರು. ಸ್ವಲ್ಪ ಕಾಲಕ್ಕೇ, ಇಂಥ ವಿಚಾರಣೆಗಳಲ್ಲಿ ಸಾಕ್ಷಿ ನುಡಿದಿದ್ದ ಊರಿನ ಮಕ್ಕಳು ಹೇಳಿದ್ದೆಲ್ಲ ಸುಳ್ಳು ಅಂತ ಒಬ್ಬೊಬ್ಬರಾಗಿ ಒಪ್ಪಿಕೊಂಡರು. ವಿಚಾರಣೆಗಳೂ ನಿಂತವು.

ಕೈಯಲ್ಲಿದ್ದ ಕಾರ್ಡನ್ನು ಡಬ್ಬಿಗೆ ವಾಪಸ್ ಹಾಕೋಣ ಅನ್ನಿಸಿತು. ಹಾಕಲಿಲ್ಲ. ಚಿತ್ರ ಅಷ್ಟು ಚೆನ್ನಾಗಿದೆಯಲ್ಲ, ತೊಂದರೆಯೇ ಅದು. ಚಿತ್ರ ಬರೆದವರು ಸೈತಾನನನ್ನು ಬಿಟ್ಟರು, ಬೆಂಕಿಯನ್ನೂ ಬಿಟ್ಟರು. ಬೆಕ್ಕನ್ನು ಮಾತ್ರ ಇಟ್ಟುಕೊಂಡರು.

ಆ ವಾರವೇ ಗುರುವಾರ ಸಂಜೆ ಬಾಗಿಲು ತಟ್ಟಿದ ಸದ್ದು. ತಲೆವಸ್ತ್ರ ಕಟ್ಟಿ, ಕೆನ್ನೆಗೆ ಕೆಂಪು ಬಳಿದು, ಮೂಗಿನ ಸುತ್ತ ಚುಕ್ಕೆ ಇಟ್ಟುಕೊಂಡ ಇಬ್ಬರು ಪುಟಾಣಿ ಮಾಟಗಾತಿಯರು. ನಮ್ಮೂರಲ್ಲಾದರೆ ಗೋಡೆ ಮೇಲೆ 'ನಾಳೆ ಬಾ' ಅಂತ ಬರೆದು ಸಾಗಹಾಕುತ್ತಿದ್ದರು! ಇಲ್ಲಿ ಅವರೇ ಬಿಡಿಸಿದ ಚಿತ್ರ ಕೊಡುತ್ತಾರೆ, ನಾವು ಸಿಹಿ ಕೊಡಬೇಕು. ಒಬ್ಬಳು ಹಳದಿ ಕೋಳಿಮರಿಯ ಚಿತ್ರ ಕೊಟ್ಟು ಚಾಕೊಲೇಟ್ ತಗೊಂಡಳು. ಇನ್ನೊಬ್ಬಳಿಗೆ ಚಾಕೊಲೇಟ್ ಬೇಡವಂತೆ, ಹುಳಿ ಮಿಠಾಯಿ ಇದೆಯಾ ಅಂತ ಕೇಳಿದಳು.

ಇರಲಿಲ್ಲ. ಎರಡು ಚಾಕೊಲೇಟ್ ಜಾಸ್ತಿ ಕೊಟ್ಟು ಒಪ್ಪಿಸಿದೆ.