ಮಾತ್ರೆ ಡಬ್ಬಿಯ ರಟ್ಟಿನಲ್ಲಿ ಗೋಣಿಕೊಪ್ಪ: ಎರಡೂವರೆ ಹಲಗೆ ಮುಗಿಯಿತು

ಹಿಂದಿನ ಸಲ ಬರೆದಾಗ ನನ್ನ ರಟ್ಟಿನ ಬೀದಿ ಮಾದರಿಯಲ್ಲಿ ಬಸ್ ನಿಲ್ದಾಣದ ಕಡೆಯ ಮೊದಲ ಹಲಗೆ ಮಾತ್ರ ಆಗಿತ್ತು. ಈಗ ಎರಡೂವರೆ. ಮಧ್ಯೆ ಒಂದು ಮಳೆಗಾಲ ಬಂದು ಹೋಯಿತು, ಅರ್ಧ ಕೆಲಸವನ್ನು ಎರಡೆರಡು ಸಲ ಮಾಡಿಸಿತು.

ಗೊತ್ತಿಲ್ಲದವರಿಗೆ ಒಂದು ಮಾತು. ನಾನು ಕೊಡಗಿನ ಗೋಣಿಕೊಪ್ಪಲಿನ ಮುಖ್ಯರಸ್ತೆಯ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ದಿನಾ ರಾಶಿ ಖಾಲಿ ರಟ್ಟು ಬೀಳುತ್ತದೆ. ಅದರಲ್ಲಿ ಈ ರಸ್ತೆಯನ್ನೇ ಕಟ್ಟೋಣ ಅಂತ ಹೊರಟೆ. ಅಳತೆ 1:100, ಅಂದರೆ ಒಂದು ಮೀಟರಿಗೆ ಒಂದು ಸೆಂಟಿಮೀಟರ್. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಹೆಜ್ಜೆ ಎಣಿಸಿದೆ. 280 ಹೆಜ್ಜೆ. ನನ್ನ ಹೆಜ್ಜೆ 75 ಸೆಂ.ಮೀ., ಹಾಗಾಗಿ 210 ಮೀಟರ್. 70 ಸೆಂ.ಮೀ. ಉದ್ದದ ಮೂರು ಪ್ಲೈವುಡ್ ಹಲಗೆ ಸಾಕಾಯಿತು. ಎಣಿಸುವಾಗ ಒಬ್ಬರು ತೂರಾಡುತ್ತಾ ಬಂದು, "ಏನು ಬೀಳಿಸಿಕೊಂಡ್ರಿ?" ಅಂತ ಕೇಳಿ ನನ್ನ ಜೊತೆ ಸ್ವಲ್ಪ ದೂರ ಹುಡುಕಿದರು.

ಜೂನ್, ಜುಲೈ

ಖರ್ಚು ಉಳಿಸಲು ಮೈದಾ ಅಂಟು ಹಾಕಿದ್ದೆ. ತಪ್ಪು. ಮಳೆ ಹಿಡಿದ ಎರಡನೇ ವಾರಕ್ಕೆ ಬಟ್ಟೆ ಅಂಗಡಿಯ ಗೋಡೆಗೆಲ್ಲ ಬೂಷ್ಟು. ಅದರ ಬೋರ್ಡನ್ನು ಜಿರಳೆ ತಿಂದಿತ್ತು, ಅರ್ಧ ಅಕ್ಷರ ಸಮೇತ. ಎಲ್ಲ ಕಿತ್ತು ಫೆವಿಕಾಲ್‌ನಲ್ಲಿ ಮತ್ತೆ ಅಂಟಿಸಿದೆ. ರಟ್ಟು ಸೊಟ್ಟಗಾಗುವುದು ಮಾತ್ರ ನಿಲ್ಲಲಿಲ್ಲ. ಮಾದರಿ ಇಡುವ ಪೆಟ್ಟಿಗೆಯೊಳಗೆ ಸಣ್ಣ ಬಲ್ಬ್ ಉರಿಸಿಡು ಅಂತ ಯಾರೋ ಹೇಳಿದರು. ಜುಲೈಯಲ್ಲಿ ನಮ್ಮ ಕಡೆ ಕರೆಂಟ್ ಇದ್ದರೆ ತಾನೇ?

ಕೊನೆಗೆ ಉಪಾಯ ಅಂಗಡಿಯಲ್ಲೇ ಸಿಕ್ಕಿತು. ಮಾತ್ರೆ ಬಾಟಲಿಗಳೊಳಗೆ ತೇವ ಹೀರುವ ಸಣ್ಣ ಚೀಲ ಇರುತ್ತದಲ್ಲ, ಅದು. ಐವತ್ತು ಅರವತ್ತು ಸೇರಿಸಿ ಪೆಟ್ಟಿಗೆಯಲ್ಲಿ ಹರಡಿದೆ. ವಾರಕ್ಕೊಮ್ಮೆ ಚೀಲ ಬಿಚ್ಚಿ, ಒಳಗಿನ ಹರಳನ್ನು ಹಳೇ ತವಾದಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಆ ತವಾದಲ್ಲಿ ಇನ್ನು ರೊಟ್ಟಿ ಸುಡುವ ಹಾಗಿಲ್ಲ ಅಂತ ಅವ್ವ ಅದನ್ನು ನನಗೇ ಬಿಟ್ಟುಕೊಟ್ಟರು.

ಎರಡನೇ ಹಲಗೆಯಲ್ಲಿ ಒಂದು ಹಂಚಿನ ಕಟ್ಟಡ ಇದೆ. ಈ ಸಾಲಿನಲ್ಲಿ ಶಟರ್ ಇಲ್ಲದೆ ಹಲಗೆ ಬಾಗಿಲು ಉಳಿದಿರುವುದು ಅದೊಂದಕ್ಕೇ. ಒಂಬತ್ತು ಹಲಗೆ, ಒಂದೊಂದರ ಮೇಲೂ ಬಣ್ಣದಲ್ಲಿ ನಂಬರ್. ಬೆಂಕಿಕಡ್ಡಿ ಸುಮಾರು ಎರಡು ಮಿಲಿಮೀಟರ್ ದಪ್ಪ, ಈ ಅಳತೆಗೆ 20 ಸೆಂ.ಮೀ. ಹಲಗೆ. ಹೇಳಿ ಮಾಡಿಸಿದ ಹಾಗೆ! ಒಂಬತ್ತು ಕಡ್ಡಿ ಕತ್ತರಿಸಿ ನಿಲ್ಲಿಸಿದೆ. ಬಿಪಿ ಮಾತ್ರೆಗೆ ಬರುವ ಒಬ್ಬ ಹಿರಿಯರು ಕೌಂಟರ್ ಮೇಲೆ ಅದನ್ನು ನೋಡಿ ಕನ್ನಡಕ ಸರಿ ಮಾಡಿಕೊಂಡರು.

"ಬಾಗಿಲು ಸರಿ ಇದೆ ಮೋನೆ. ಮೆಟ್ಟಿಲು ತಪ್ಪು. ಎರಡಲ್ಲ, ಐದು."

ನಾನು ಹೊರಗೆ ಹೋಗಿ ನೋಡಿದೆ. ಎರಡೇ ಇತ್ತು. ಅವರು ನಕ್ಕರು. ಮೆಟ್ಟಿಲು ಯಾರೂ ಒಡೆದಿಲ್ಲ, ರಸ್ತೆ ಮೇಲೆ ಬಂದಿದೆ ಅಂದರು. ಹಳೇ ಡಾಂಬರು ಕೆರೆದು ತೆಗೆಯದೆ ಮೇಲೆ ಮೇಲೆ ಹಾಕುತ್ತಾ ಹೋದರೆ ಹಾಗೇ ಆಗುವುದು. ಮೂರು ಮೆಟ್ಟಿಲು ಈಗ ರಸ್ತೆಯೊಳಗಿದೆ. ಚಿಕ್ಕಂದಿನಲ್ಲಿ ಅವರು ಆ ಮೂರನೇ ಮೆಟ್ಟಿಲಿನಲ್ಲಿ ಕೂತು ಬಸ್ ಕಾಯುತ್ತಿದ್ದರಂತೆ. ಮಾದರಿಯಲ್ಲಿ ನಾನು ಎರಡೇ ಉಳಿಸಿಕೊಂಡೆ. ಆದರೆ ಹಲಗೆಯ ಅಂಚಿನಲ್ಲಿ, ರಸ್ತೆಯ ಪದರ ಕಾಣುವ ಜಾಗದಲ್ಲಿ, ಉಳಿದ ಮೂರನ್ನೂ ಅಂಟಿಸಿದ್ದೇನೆ. ಬಗ್ಗಿ ನೋಡಿದವರಿಗೆ ಮಾತ್ರ ಕಾಣುತ್ತದೆ.

ಯಾವ ದಿನ?

ಕಟ್ಟಡ ಮುಗಿಯುತ್ತಾ ಬಂದ ಹಾಗೆ ಬೀದಿ ಸತ್ತ ಹಾಗೆ ಕಂಡಿತು. ಜನ ಬೇಕು. ಯಾವ ದಿನದ ಜನ? ದಸರಾ ರಾತ್ರಿ ಮಾಡು, ಮೆರವಣಿಗೆಯ ದಶಮಂಟಪ ಎಲ್ಲ ಬರಲಿ ಅಂತ ಪಕ್ಕದ ಅಂಗಡಿಯವರ ಒತ್ತಾಯ. ನನಗೆ ಮನಸ್ಸಾಗಲಿಲ್ಲ. ದಸರಾ ರಾತ್ರಿ ದೀಪ ಕಾಣುತ್ತದೆ, ಮುಖ ಕಾಣುವುದಿಲ್ಲ.

ಹಾಗಾಗಿ ಭಾನುವಾರ. ಮಡಿಕೇರಿಗೆ ಶುಕ್ರವಾರ, ವಿರಾಜಪೇಟೆಗೆ ಬುಧವಾರ, ನಮಗೆ ಭಾನುವಾರ ಸಂತೆ. ಕೂಲಿ ಬಟವಾಡೆ ಆದ ಮೇಲೆ ತೋಟದ ಕೆಲಸಗಾರರ ಲೈನ್‌ಮನೆಗಳಿಂದ ಜನ ಪಿಕಪ್‌ನಲ್ಲಿ ಬಂದಿಳಿಯುತ್ತಾರೆ. ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ಕೌಂಟರ್‌ನಲ್ಲಿ ನಿಂತರೆ ಕನ್ನಡ, ಕೊಡವ ತಕ್ಕ್, ಮಲಯಾಳಂ, ಯರವರ ಮಾತು ಎಲ್ಲ ಒಟ್ಟಿಗೆ ಕೇಳುತ್ತದೆ. ಅಸ್ಸಾಂನಿಂದ ತೋಟದ ಕೆಲಸಕ್ಕೆ ಬಂದವರು ಹೆಚ್ಚಾದ ಮೇಲೆ ಹಿಂದಿಯೂ ಸೇರಿದೆ. ಎದುರಿನ ಬಟ್ಟೆ ಅಂಗಡಿಯ ಹುಡುಗ ಶಾಲೆಯಲ್ಲಿ ಹಿಂದಿಗೆ ಫೇಲಾದವನು, ಈಗ ಅದರಲ್ಲೇ ಚೌಕಾಸಿ ಮಾಡುತ್ತಾನೆ. ಕಂಡಕ್ಟರ್ "ಪೊನ್ನಂಪೇಟೆ, ಶ್ರೀಮಂಗಲ, ಕುಟ್ಟ" ಅಂತ ಒಂದೇ ಉಸಿರಿಗೆ ಕೂಗುತ್ತಾನೆ. ಇದನ್ನೆಲ್ಲ ರಟ್ಟಿನಲ್ಲಿ ಮಾಡಲಾಗದು, ಗೊತ್ತು. ಆದರೂ ಬಸ್ಸಿನ ಬಾಗಿಲಲ್ಲಿ ಒಂದು ಕೈ ಹೊರಗೆ ಚಾಚಿದ ಆಳನ್ನು ನಿಲ್ಲಿಸಿದ್ದೇನೆ.

ಆಳು ಅಂದರೆ ಒಂದೂವರೆ ಸೆಂಟಿಮೀಟರ್ ಚಿಲ್ಲರೆ. ಹಳೇ ಟೆಲಿಫೋನ್ ವೈರಿನ ತಂತಿಗೆ ಟಿಶ್ಯೂ ಪೇಪರ್ ಸುತ್ತಿ, ಮೇಲೆ ಬಣ್ಣ. ಇಲ್ಲಿವರೆಗೆ 64 ಜನ. ತರಕಾರಿ ಹಣ್ಣಿಗೆ ಅಡುಗೆಮನೆಗೇ ಹೋದೆ. ಕಿತ್ತಳೆಗೆ ರಾಗಿ ಸರಿಹೋಗುತ್ತದೆ ಅಂದುಕೊಂಡಿದ್ದೆ. ಈ ಅಳತೆಗೆ ರಾಗಿ ಕಾಳು ಕುಂಬಳಕಾಯಿ! ಸರಿ, ರಾಗಿಯನ್ನು ಕುಂಬಳಕಾಯಿಯೇ ಮಾಡಿದೆ. ಗಸಗಸೆಗೆ ಅರಿಶಿನ ಕುಂಕುಮ ಕಲಸಿ ಹಚ್ಚಿದರೆ ಪಕ್ಕಾ ಕೊಡಗಿನ ಕಿತ್ತಳೆ. ಎರಡು ಬುಟ್ಟಿ ತುಂಬಿಸಿದೆ. ಪಕ್ಕದಲ್ಲಿ ಕೊಡೆ ರಿಪೇರಿಯವರನ್ನು ಕೂರಿಸಿದೆ. ತುಂಬಾ ಖುಷಿಯಾಗಿತ್ತು.

ಮತ್ತೆ ಅದೇ ಹಿರಿಯರು. ಅದೇ ಬಿಪಿ ಮಾತ್ರೆ.

"ಕಿತ್ತಳೆ ರಾಶಿ ಬೀಳುವಾಗ ಚಳಿ. ಆಗ ಕೊಡೆಯವನಿಗೆ ಇಲ್ಲಿ ಏನು ಕೆಲಸ?"

ನಿಜ ಅಲ್ವಾ. ಭಾನುವಾರ ಅಂತ ಹಿಡಿದೆ, ಯಾವ ತಿಂಗಳು ಅಂತ ಹಿಡಿಯಲೇ ಇಲ್ಲ. ಇಬ್ಬರಲ್ಲಿ ಒಬ್ಬರು ಹೋಗಬೇಕು. ಎರಡು ದಿನ ಯೋಚಿಸಿ ಕಿತ್ತಳೆಯನ್ನು ಬೆಂಕಿಪೊಟ್ಟಣಕ್ಕೆ ತುಂಬಿಸಿಟ್ಟೆ.

ಹಾಗಾಗಿ ಈಗ ಮಾದರಿಯ ದಿನ ಆಗಸ್ಟ್ 3. ಕಕ್ಕಡ 18, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಈ ಸಲ ಭಾನುವಾರವೇ ಬಿದ್ದಿತ್ತು. ಅವತ್ತು ರಸ್ತೆ ಬದಿಯಲ್ಲಿ ಮದ್ದುಸೊಪ್ಪಿನ ಕಟ್ಟು ಮಾರುತ್ತಿದ್ದರು. ಹದಿನೆಂಟು ಬಗೆಯ ಔಷಧಿ ಗುಣ ಅಂದು ಸೊಪ್ಪಿನಲ್ಲಿ ಸೇರುತ್ತದೆ ಅಂತ ನಂಬಿಕೆ. ಬೇಯಿಸಿದರೆ ನೀರು ಕಡು ನೇರಳೆ, ಅದರಲ್ಲಿ ಪಾಯಸ. ಮಾರನೇ ದಿನ ಬಚ್ಚಲಿನಲ್ಲಿ ಕೆಂಪು ಕಂಡು ಗಾಬರಿಯಾಗಿ ಒಬ್ಬ ಹೊಸಬ ನಮ್ಮ ಅಂಗಡಿಗೆ ಓಡಿ ಬಂದಿದ್ದ. ಏನು ತಿಂದೆ ಅಂತ ಕೇಳಿ ವಾಪಸ್ ಕಳಿಸಿದೆವು. ಅವ್ವ ಬೇಯಿಸಿದ ನೀರಿನಲ್ಲಿ ಒಂದು ಚಮಚ ಕದ್ದು, ಜಿರಳೆ ತಿಂದ ಬೋರ್ಡಿನ ಬದಲು ಹೊಸದಕ್ಕೆ ಬಳಿದೆ. ಒಣಗಿದ ಮೇಲೆ ಸ್ವಲ್ಪ ಪೇಲವ ಆಯಿತು, ಆದರೆ ಎದುರಿನ ಅಂಗಡಿಯ ಮಳೆ ತಿಂದ ಬೋರ್ಡಿನ ಬಣ್ಣವೂ ಹೆಚ್ಚುಕಮ್ಮಿ ಅದೇ.

ಕಿತ್ತಳೆ ಬುಟ್ಟಿಯ ಜಾಗಕ್ಕೆ ಕಣಿಲೆ, ಅಂದರೆ ಎಳೆ ಬಿದಿರಿನ ಮೊಳಕೆ. ಟೂತ್‌ಪಿಕ್‌ನ ಮೊನೆ ಸಾಕು, ಬುಡಕ್ಕೆ ಸ್ವಲ್ಪ ಹಸಿರು. ರಸ್ತೆಗೆ ಎರಡು ಕೋಟ್ ವಾರ್ನಿಷ್ ಕೊಟ್ಟೆ, ನೆಂದ ಹಾಗೆ ಹೊಳೆಯುತ್ತದೆ.

ಮಳೆ ಅಂದ ಮೇಲೆ ಎಲ್ಲರಿಗೂ ಕೊಡೆ. ಅದನ್ನು ಯೋಚಿಸಿರಲಿಲ್ಲ. ಮುಖ ಕಾಣಲಿ ಅಂತ ದಸರಾ ಬಿಟ್ಟವನು ಈಗ 64 ಮುಖಗಳ ಮೇಲೆ ಕೊಡೆ ಮುಚ್ಚುತ್ತಾ ಕೂತಿದ್ದೇನೆ. ಕಪ್ಪು ಕಾಗದದ ಕೊಡೆ ಕೊಡೆಯ ಹಾಗೆ ಕಾಣಲಿಲ್ಲ. ರಿಪೇರಿಯವರ ಹತ್ತಿರ ಹೋಗಿ ವಿಷಯ ಹೇಳಿದೆ. ಸೆಪ್ಟೆಂಬರ್ ಕೊನೆ, ಅವರು ಗಂಟು ಕಟ್ಟುತ್ತಿದ್ದರು. "ನನ್ನನ್ನೂ ಮಾಡಿದ್ದೀಯಾ?" ಅಂತ ಕೇಳಿ, ಒಂದು ಹರಿದ ಕೊಡೆಯ ಬಟ್ಟೆಯನ್ನು ಕತ್ತರಿಸಿ ಕೈಗಿಟ್ಟರು. ಒಂದು ಸೆಂಟಿಮೀಟರಿನ ಬಿಲ್ಲೆ ಕತ್ತರಿಸಿ, ನಡುವೆ ಸೂಜಿ ಚುಚ್ಚಿ, ಅಂಚಿಗೆ ಅಂಟು ಸವರಿ ಬಗ್ಗಿಸಬೇಕು. ಒಂದಕ್ಕೆ ಇಪ್ಪತ್ತು ನಿಮಿಷ.

ಇವತ್ತಿಗೆ 11 ಆಗಿದೆ. ಅವರಿಗೆ ಮಾತ್ರ ಬೇಡ. ಮಡಿಲಲ್ಲಿ ಬೇರೆಯವರ ಕೊಡೆ ಬಿಚ್ಚಿಟ್ಟುಕೊಂಡು, ಚಪ್ಪಲಿ ಅಂಗಡಿಯ ಶೀಟಿನ ಕೆಳಗೆ ಕೂತಿದ್ದಾರೆ.